ಅಜ್ಜಿ ಬಿಟ್ಟ ಅನಾನಸು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಹಣ್ಣನ್ನು ಹಾಗೇ ತಿನ್ನುವುದಕ್ಕಿಂತ ಬೇಯಿಸಿ ತಿನ್ನುವುದೇ ಹೆಚ್ಚಿತ್ತು. ಮಾವಿನಹಣ್ಣು ಗೊಜ್ಜಾಗುತ್ತಿತ್ತು, ಅನಾನಸು ಮೆಣಸ್ಕಾಯಿಯಾಗುತ್ತಿತ್ತು. ಹುರಿದ ಎಳ್ಳು, ಒಣಮೆಣಸು, ಬೆಲ್ಲ, ಹುಳಿ ಎಲ್ಲ ಸೇರಿ ಕುದಿದ ಆ ಗಟ್ಟಿ ಮೇಲೋಗರವನ್ನು, ನಮ್ಮ ಮಾತಿನಲ್ಲಿ ‘ಪದಾರ್ಥ’ವನ್ನು, ಅನ್ನಕ್ಕೆ ಕಲಸಿ ಉಣ್ಣುವುದೆಂದರೆ ಉಡುಪಿ ಕಡೆಯವರಾದ ನಮಗೆ ಹಬ್ಬ. ಡೊಂಬಿವಲಿಯ ನಮ್ಮ ಚಾಳಿನಲ್ಲಿ, ಆ ವಠಾರದ ಮರಾಠಿ ಮನೆಗಳವರಿಗೆ ಅದೊಂದು ತಮಾಷೆ. “ಅಗ ಬಾಈ, ಫಳಾಚಿ ಭಾಜಿ?” ಎಂದು ಪಕ್ಕದ ಮನೆಯ ಕಾಕು ಮೂಗಿನ ಮೇಲೆ ಬೆರಳಿಡುತ್ತಿದ್ದಳು. ಹಣ್ಣಿನಲ್ಲಿ ಯಾರಾದರೂ ಪಲ್ಯ ಮಾಡುತ್ತಾರೆಯೇ ಎಂದು ಅವಳ ಬೆರಗು.

ಅಜ್ಜ ತೀರಿಕೊಂಡ ಮೇಲೆ ಅನಾನಸು ನಮ್ಮ ಹೊಸಿಲು ದಾಟಲಿಲ್ಲ. ಅಪ್ಪನ ಜೊತೆ ಕಾಶಿಗೆ ಹೋದ ಅಜ್ಜಿ ಅಜ್ಜನ ಹೆಸರಲ್ಲಿ ಆ ಹಣ್ಣನ್ನು ಗಂಗೆಯಲ್ಲಿ ಬಿಟ್ಟು ಬಂದಿದ್ದಳು. ಇಷ್ಟದ ಹಣ್ಣೊಂದನ್ನು ಅಲ್ಲಿ ಬಿಟ್ಟು, ಸಾಯುವವರೆಗೆ ಅದನ್ನು ಮುಟ್ಟದಿರುವುದು ನಮ್ಮಲ್ಲಿ ಪದ್ಧತಿ. ಜಾಣರು ತಾವು ಎಂದೂ ತಿನ್ನದ ಹಣ್ಣನ್ನು ಬಿಟ್ಟು ಬರುತ್ತಾರೆ. ನಮ್ಮಜ್ಜಿಗೆ ಆ ಜಾಣತನ ಇರಲಿಲ್ಲ.

ನನಗೆ ಏಳು ವರ್ಷವಿದ್ದಾಗ ಅಜ್ಜಿ ಜ್ವರದಿಂದ ಹಾಸಿಗೆ ಹಿಡಿದಳು. ಅಮ್ಮ ನನ್ನನ್ನು ಹೆತ್ತಾಗಲೇ ಹೋಗಿದ್ದರಿಂದ ನನಗೆ ತಾಯಿಯೆಂದರೆ ಅಜ್ಜಿಯೇ. ಜ್ವರವೇನೋ ಬಿಟ್ಟಿತು, ಆದರೆ ಬಾಯಿರುಚಿ ಮರಳಲಿಲ್ಲ. ಗಂಜಿಯ ತಿಳಿಯನ್ನೂ ಉಗುಳುತ್ತಿದ್ದಳು. ಹೊಟ್ಟೆಗೆ ಏನಾದರೂ ಹೋಗದಿದ್ದರೆ ಔಷಧಿಯಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು. ನಿದ್ದೆಗಣ್ಣಿನಲ್ಲಿ ಮಾತ್ರ ಅಜ್ಜಿ “ಮೆಣಸ್ಕಾಯಿ” ಎಂದು ಕನವರಿಸುತ್ತಿದ್ದಳು. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವನಾಗಿದ್ದ ಅಪ್ಪ ಹಾಗಲಕಾಯಿಯಲ್ಲಿ ಅದನ್ನು ಮಾಡಿಕೊಟ್ಟ. ಅಜ್ಜಿ ನಾಲಿಗೆಗೆ ತಾಗಿಸಿ ತಟ್ಟೆ ಸರಿಸಿಬಿಟ್ಟಳು.

ದಾರಿ ಹೊಳೆದದ್ದು ಅಕ್ಕನಿಗೆ. ಹದಿನಾಲ್ಕು ವರ್ಷಕ್ಕೇ ಮನೆ ನಡೆಸುತ್ತಿದ್ದ ಹುಡುಗಿ ಅವಳು.

“ಅಪ್ಪ, ಅಜ್ಜಿ ಬಿಟ್ಟದ್ದು ಹಣ್ಣಲ್ವಾ? ಉಪ್ಪು ಖಾರ ಬಿದ್ದ ಮೇಲೆ ಅದು ಹಣ್ಣು ಹೇಗಾಗ್ತದೆ? ಪದಾರ್ಥ ಅಲ್ವಾ ಅದು?”

ಅಪ್ಪ ಸಂಧ್ಯಾವಂದನೆ ತಪ್ಪಿಸದ ಮನುಷ್ಯ. ಆದರೂ ಸೋಮವಾರ, ತನ್ನ ರಜೆಯ ದಿನ, ಬೆಳಗಿನ ಲೋಕಲ್ ಹಿಡಿದು ಕಲ್ಯಾಣದ ಮಾರ್ಕೆಟಿಗೆ ಹೋಗಿ, ಪೇಪರಿನಲ್ಲಿ ಸುತ್ತಿದ ಅನಾನಸು ತಂದ. ನಮ್ಮಿಬ್ಬರನ್ನೂ ಬಾಗಿಲ ಹೊರಗೆ ಕರೆದು, “ಇವತ್ತು ಬಾಯಿ ತಪ್ಪಿ ಕೂಡ ಇದಕ್ಕೆ ಹಣ್ಣು ಅನ್ಬಾರ್ದು, ತಿಳೀತಾ?” ಎಂದ.

ಒಂದೇ ಕೋಣೆಯ ಮನೆ. ಎಳ್ಳು ಚಟಪಟ ಸಿಡಿಯಿತು. ಅಕ್ಕ ರುಬ್ಬಿದ ಮಸಾಲೆ ಇದ್ದಿಲ ಒಲೆಯ ಮೇಲೆ ಕೊತಕೊತ ಕುದಿಯಿತು. ಆ ಘಮಕ್ಕೆ ಅಜ್ಜಿ ಎಷ್ಟೋ ದಿನಗಳ ಮೇಲೆ ತಾನಾಗಿ ಎದ್ದು ಗೋಡೆಗೊರಗಿ ಕೂತಳು.

“ಅಮ್ಮ, ಇದು ಪದಾರ್ಥ. ವ್ರತಕ್ಕೆ ಎಂತದೂ ಆಗುದಿಲ್ಲ” ಎಂದ ಅಪ್ಪ.

ಅಜ್ಜಿ ಅವನ ಮುಖವನ್ನೇ ನೋಡಿದಳು. “ಅಡುಗೆಯವ ನೀನು. ನೀನು ಹೇಳಿದ್ರೆ ಸರಿ ಮಗಾ.”

ಮೊದಲ ತುತ್ತಿಗೆ ಅಜ್ಜಿ ಕಣ್ಣು ಮುಚ್ಚಿದಳು. ಎರಡು ತುತ್ತಾಯಿತು, ಮೂರಾಯಿತು. ನಾಲ್ಕನೆಯದಕ್ಕೆ “ಸ್ವಲ್ಪ ಗಟ್ಟಿ ಬಡಿಸು ಮಗಾ” ಎಂದು ಅಕ್ಕನನ್ನು ಕೇಳಿಯೇಬಿಟ್ಟಳು. ಅಪ್ಪ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ಅಜ್ಜಿ ಬದುಕಿದಳು ಎಂದು ನನಗೆ ಕುಣಿಯುವಷ್ಟು ಖುಷಿ. ಆ ಖುಷಿಯಲ್ಲಿ ತಟ್ಟೆ ಮುಂದೆ ಚಾಚಿ ಕೂಗಿದೆ.

“ಅಕ್ಕಾ, ನಂಗೆ ಇನ್ನೆರಡು ಹಣ್ಣು ಹಾಕು!”

ಅಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. ಬಾಯಲ್ಲಿದ್ದುದನ್ನು ಮೆಲ್ಲಗೆ ಅಂಗೈಗೆ ತೆಗೆದು ತಟ್ಟೆಯ ಅಂಚಿಗಿಟ್ಟಳು. ಅಪ್ಪ ನನ್ನ ಕಡೆ ಕೈಯೆತ್ತಿದ. “ಅವನಿಗೆ ಹೊಡೀಬೇಡ” ಎಂದಳು ಅಜ್ಜಿ. “ಮಗು ಇದ್ದದ್ದನ್ನು ಹೇಳ್ತು. ಸುಳ್ಳು ಹೇಳಿದ್ದು ನಾವು.” ಬಾಯಿ ಮುಕ್ಕಳಿಸಲು ನೀರು ಕೇಳಿದಳು. ಅಜ್ಜನ ಕ್ಷಮೆ ಕೇಳುವಂತೆ ಕೈಮುಗಿದು ಮಲಗಿದಳು.

ಆಮೇಲೆ ಅವಳು ಯಾವ ಪದಾರ್ಥಕ್ಕೂ ಬಾಯಿ ತೆರೆಯಲಿಲ್ಲ. ಒಂಬತ್ತನೇ ದಿನ ಹೋದಳು. ಕಾಯಿಲೆಯಿಂದ ಹೋದದ್ದು, ನಿನ್ನಿಂದ ಅಲ್ಲ ಎಂದು ಅಪ್ಪ ನನಗೆ ನೂರು ಸಲ ಹೇಳಿದ. ನಾನು ಈಗಲೂ ಪೂರ್ತಿ ನಂಬಿಲ್ಲ.

ಈಗ ಖಾರಘರ್‌ನ ಹನ್ನೊಂದನೇ ಮಹಡಿಯಲ್ಲಿ ಕೂತು ನೀವಿಬ್ಬರು ಮೊಮ್ಮಕ್ಕಳು ಪಿಜ್ಜಾದ ಮೇಲೆ ಅನಾನಸು ಇರಬೇಕೋ ಬೇಡವೋ ಎಂದು ಜಗಳವಾಡುತ್ತೀರಿ. ಒಬ್ಬಳು ಹೋಳುಗಳನ್ನು ಆರಿಸಿ ಡಬ್ಬಿಯ ಮುಚ್ಚಳದ ಮೇಲಿಡುತ್ತಾಳೆ, ಇನ್ನೊಬ್ಬ ಅವನ್ನೆತ್ತಿ ನುಂಗುತ್ತಾನೆ. ಅಲ್ಲಿಗೆ ಜಗಳ ಮುಗಿಯಿತು. ನಿಮ್ಮ ಊಟದಲ್ಲಿ ಯಾರ ಮಾತಿನಿಂದಲೂ ಯಾರೂ ಹಸಿದು ಮಲಗುವುದಿಲ್ಲ. ಅದು ಹಾಗೇ ಇರಲಿ. “ಅಜ್ಜಾ, ಬೋಲೋ ನಾ, ಪಿಜ್ಜಾ ಪೇ ಫ್ರೂಟ್ ಚಲತಾ ಹೈ ಕ್ಯಾ?” ಎಂದು ಕೇಳಿ, ಪಿಜ್ಜಾಕ್ಕೆ ಹಣ್ಣು ನಡೆಯುತ್ತದೋ ಇಲ್ಲವೋ ಎಂಬ ಪಂಚಾಯಿತಿಗೆ ನನ್ನನ್ನು ಎಳೆಯುತ್ತೀರಿ. ನಾನು ಸುಮ್ಮನಿದ್ದರೆ ಅಜ್ಜನಿಗೆ ಕಿವಿ ಕೇಳಿಸುವುದಿಲ್ಲ ಎಂದು ನಗುತ್ತೀರಿ.

ಕೇಳಿಸುತ್ತದೆ ಮಕ್ಕಳೇ. ಊಟದ ಹೊತ್ತಿನಲ್ಲಿ ಅದನ್ನು ಹಣ್ಣು ಎಂದು ನಾನು ಒಮ್ಮೆ ಹೇಳಿದ್ದೇನೆ. ಇನ್ನೊಮ್ಮೆ ಹೇಳಲು ಬಾಯಿ ಬರುವುದಿಲ್ಲ.