ಆಫ್ ದಿನದ ಗುಳಿಗೆ

ಕುರೆಕುಪ್ಪದಲ್ಲಿ ಕಾರ್ಖಾನೆಯ ಗುತ್ತಿಗೆ ಕೆಲಸದವರ ಮನೆಗಳಿಗೆ ಸೋಮವಾರ, ಮಂಗಳವಾರಗಳ ಗೊಡವೆಯಿಲ್ಲ. ಅಲ್ಲಿರುವುದು ಎ ಶಿಫ್ಟು, ಬಿ ಶಿಫ್ಟು, ಸಿ ಶಿಫ್ಟು, ಕೊನೆಗೊಂದು ಆಫ್. ಗಂಡ ಮಾರೇಶನಿಗೆ ಆಫ್ ಬಂದ ದಿನವೇ ಸುಧಾರಾಣಿಗೆ ಭಾನುವಾರ. ಅವತ್ತೇ ಎಣ್ಣೆನೀರು, ಅವತ್ತೇ ಬಾಡೂಟ. ಗುಳಿಗೆಯನ್ನೂ ಅವಳು ಅವತ್ತಿಗೇ ಕಟ್ಟಿಹಾಕಿದಳು.

ಎರಡನೇ ಮಗಳ ಹೆರಿಗೆಯಲ್ಲಿ ರಕ್ತ ನಿಲ್ಲದೆ ಸಾವಿನ ಬಾಯಿಂದ ಪಾರಾಗಿ ಬಂದವಳು ಅವಳು. ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳುವಾಗ ಮಾರೇಶನೂ ಪಕ್ಕದಲ್ಲೇ ನಿಂತಿದ್ದ. ಆಪರೇಶನ್ ಮಾತೆತ್ತಿದರೆ ಮಾತ್ರ 'ನೋಡೋಣ' ಎನ್ನುತ್ತಲೇ ವರ್ಷಗಳನ್ನು ತಳ್ಳಿದ. ಹಾಕಿಸಿಕೊಂಡಿದ್ದ ಕಾಪರ್-ಟಿಯಿಂದ ಹೊಟ್ಟೆನೋವು, ವಿಪರೀತ ಸ್ರಾವ. ಅದನ್ನು ತೆಗೆಸಿ ಬಸಿರು ತಡೆಯುವ ಗುಳಿಗೆ ಹಿಡಿದಳು. ಮೊದಮೊದಲು ವಾರಕ್ಕೆರಡು, ಆಮೇಲೆ ವಾರಕ್ಕೊಂದು. "ವಾರದಾಗ ಒಂದು ದಿನ ಗೊತ್ತು ಮಾಡ್ಕೊಳ್ಳವ್ವ, ತಪ್ಪಿಸಬ್ಯಾಡ" ಎಂದು ಆಶಾ ಕಾರ್ಯಕರ್ತೆ ಕರೆಮ್ಮ ಹೇಳಿದ್ದಳು.

ಓಟಿಯ ಹೆಚ್ಚಿನ ಕೂಲಿಯ ಆಸೆಗೆ ಮಾರೇಶ ಆಫ್ ಬಿಟ್ಟು ಸಾಲಾಗಿ ಕೆಲಸಕ್ಕೆ ಹೋಗತೊಡಗಿದ. ಮನೆಗೆ ಆಫ್ ಬರಲಿಲ್ಲ, ಬಾಡೂಟವಿಲ್ಲ, ಗುಳಿಗೆಯ ನೆನಪೂ ಇಲ್ಲ. ನೆನಪಾಗುವ ಹೊತ್ತಿಗೆ ಮುಟ್ಟಿನ ದಿನ ದಾಟಿಹೋಗಿತ್ತು.

ಕರೆಮ್ಮ ಹಣೆ ಚಚ್ಚಿಕೊಂಡಳು. "ಆಫ್ ನಿನ್ನ ಗಂಡಗಲೇ ಹುಚ್ಚಿ, ಗುಳಿಗಿಗಲ್ಲ. ಈಗ್ಲೇ ಚೆಕ್ ಮಾಡಿದ್ರ ಇದ್ರೂ ಇಲ್ಲ ಅಂತೈತಿ, ಇನ್ನೊಂದು ವಾರ ಬಿಟ್ಟು ನೋಡೋಣ. ಈ ಗುಳಿಗಿ ನುಂಗೋರಿಗೆ ಮುಟ್ಟಿನ ದಿನ ಹಿಂದ ಮುಂದ ಆಗ್ತಾವು." ಆ ಸಮಾಧಾನ ಸುಧಾರಾಣಿಯ ಕಿವಿಗೆ ಹೋಗಲೇ ಇಲ್ಲ. ಮಕ್ಕಳ ತಲೆ ಬಾಚುವಾಗ, ನಾನಿಲ್ಲದಿದ್ದರೆ ಇವರ ಜಡೆ ಯಾರು ಹೆಣೆಯುತ್ತಾರೆಂದು ಕೈ ನಿಂತುಬಿಡುತ್ತಿತ್ತು.

ಗಂಡನಿಗೆ ಹೇಳಿದಳು. ಹೆದರುತ್ತಾನೆ ಎಂದುಕೊಂಡಿದ್ದಳು. ಅವನು ನಕ್ಕ.

"ಈ ಸಲ ಗಂಡಾದ್ರೂ ಆಗಬಹುದು, ಯಾರಿಗ್ಗೊತ್ತು."

ಅವತ್ತಿನಿಂದ ಮಾರೇಶ ಬೇರೆ ಮನುಷ್ಯನೇ ಆದ. ಎಂದೂ ಕೊಡ ಮುಟ್ಟದವನು ನಲ್ಲಿಯಿಂದ ನೀರು ತಂದ. ತೋರಣಗಲ್ಲಿನಿಂದ ಬರುವಾಗ ಸೇಬು ತಂದ. 'ಉಂಡಿಯೇನ್' ಎಂದು ಕೇಳಿದ. ಮದುವೆಯಾದಾಗಿನಿಂದ ಅವನ ಬಾಯಲ್ಲಿ ಕೇಳದ ಮಾತು ಅದು. ಈ ಅಕ್ಕರೆ ತನಗಲ್ಲ, ಹೊಟ್ಟೆಯಲ್ಲಿರಬಹುದಾದ ಗಂಡಿಗೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸಂಜೆಯಾದರೆ ಅವನ ಬೈಕಿನ ಸದ್ದಿಗೆ ಕಾಯುತ್ತಿದ್ದಳು.

ಒಂದು ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದಾಗ ಮುಟ್ಟಾಯಿತು. ಬದುಕಿದೆನಲ್ಲ ಎಂದು ಬಚ್ಚಲಲ್ಲೇ ಕುಳಿತು ಅತ್ತಳು. ಆದರೆ ಅಳು ಅಲ್ಲಿಗೆ ನಿಲ್ಲಲಿಲ್ಲ.

ಅವರ ಮನೆಯಲ್ಲಿ ಮುಟ್ಟಾದವಳು ದೇವರ ದೀಪ ಮುಟ್ಟುವಂತಿಲ್ಲ. ಆ ದಿನಗಳಲ್ಲಿ ಮಾರೇಶನೇ ಹಚ್ಚಬೇಕು. ಬಾಯಿಬಿಟ್ಟು ಹೇಳುವ ಕಷ್ಟವಿಲ್ಲ, ದೇವರ ಜಗಲಿ ಕತ್ತಲಾಗಿದ್ದರೆ ಅವನಿಗೇ ತಿಳಿಯುತ್ತದೆ. ಅವತ್ತು ಸಂಜೆ ಸುಧಾರಾಣಿ ಸ್ನಾನ ಮಾಡಿ ದೇವರ ಮುಂದೆ ನಿಂತಳು. "ಇವತ್ತೊಂದಿನ ನೋಡ್ಲಿಲ್ಲ ಅಂದ್ಕೋ ತಾಯಿ" ಎಂದು ದೀಪ ಹಚ್ಚಿದಳು.

ಮಾರೇಶ ಚಪ್ಪಲಿ ಬಿಡುತ್ತಲೇ ದೀಪ ನೋಡಿದ. ಮುಖ ಅರಳಿತು. ಒಲೆಯ ಮುಂದಿದ್ದವಳ ಬಳಿ ಬಂದು, "ಏಳು, ಹೊಗಿ ಬ್ಯಾಡ ನಿನಗ. ರೊಟ್ಟಿ ನಾ ಬಡೀತೀನಿ" ಎಂದ. ಅವನು ರೊಟ್ಟಿ ಬಡಿದದ್ದೇ ಇಲ್ಲ. ನಾಳೆ ಹೇಳಬೇಕು ಎಂದುಕೊಳ್ಳುತ್ತ ಅವಳು ಗೋಡೆಗೊರಗಿ ಕುಳಿತಳು. ಮೊದಲ ರೊಟ್ಟಿ ಹರಿಯಿತು. ಅದನ್ನೇ ಸುಟ್ಟು ಅವಳ ತಟ್ಟೆಗೆ ಹಾಕಿದ.

"ಎರಡು ಜೀವಕ್ಕ ಸಾಲಬೇಕು. ಹೊಟ್ಟಿ ತುಂಬ ಉಣ್ಣು."

ಸುಧಾರಾಣಿ ಹ್ಞೂಂ ಎಂದು, ಒಂದು ತುಣುಕೂ ಬಿಡದೆ ಉಂಡಳು.