ಜೇವರ್ಗಿಯಲ್ಲಿ ಗೋಲ್ಡ್ ಕೋಸ್ಟಿನ ಊಟ

1946ರಲ್ಲಿ ನಾನು ಜೇವರ್ಗಿಯ ಒಂದು ಉಚಿತ ವಿದ್ಯಾರ್ಥಿ ನಿಲಯದ ವ್ಯವಸ್ಥಾಪಕನಾಗಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪದಕ ಗಳಿಸಿ ಬಂದಿದ್ದ ನನಗೆ, ಸರಿಯಾದ ವಾದದ ಮುಂದೆ ಯಾವ ಅನ್ಯಾಯವೂ ನಿಲ್ಲದು ಎಂಬ ನಂಬಿಕೆಯಿತ್ತು.

ಆ ವರ್ಷ ನಿಲಯಕ್ಕೆ ಅಡುಗೆಯವನೊಬ್ಬ ಬೇಕಾಗಿದ್ದ. ಬರ್ಮಾ ಯುದ್ಧದಿಂದ ಮರಳಿದ್ದ ಮರೆಪ್ಪ ಆ ಕೆಲಸ ಕೇಳಿದ. ಅಲ್ಲಿಯ ಅರಕಾನಿನ ಶಿಬಿರದಲ್ಲಿ ಪಶ್ಚಿಮ ಆಫ್ರಿಕಾದ ಗೋಲ್ಡ್ ಕೋಸ್ಟ್ ಸೈನಿಕರಿಗೆ ನೀರು, ಕಟ್ಟಿಗೆ ಹೊರುತ್ತ ಅವನು ಅವರ ಅಡುಗೆಯನ್ನೇ ಕಲಿತಿದ್ದ. ಅಸ್ಪೃಶ್ಯರೆಂದು ಊರು ಹೊರಗಿಟ್ಟಿದ್ದ ಕೇರಿಯವನು; ಎಣ್ಣೆ ಗಾಣದಲ್ಲಿ ಶೇಂಗಾ ಚೀಲ ಹೊತ್ತು ಹೊಟ್ಟೆ ಹೊರೆಯುತ್ತಿದ್ದ. ಆ ಗಾಣದ ಒಡೆಯರಾದ ಗುರುಲಿಂಗಪ್ಪ ಸಾವಕಾರರೇ ನಮ್ಮ ನಿಲಯ ನಡೆಸುವ ಸಮಿತಿಯ ಅಧ್ಯಕ್ಷರು.

ಮರೆಪ್ಪನ ನೇಮಕಕ್ಕೆ ಒಪ್ಪಿಸಲೆಂದು ಸಮಿತಿಯವರನ್ನು ನಮ್ಮ ಮನೆಗೆ ಊಟಕ್ಕೆ ಕರೆದೆ. ಆಫ್ರಿಕಾದ ಅಡುಗೆ ಎಂದು ತಿಳಿಸಿದೆ. ಮಾಡುವವನು ಯಾರೆಂದು ತಿಳಿಸಲಿಲ್ಲ. ಉಂಡ ಮೇಲೆ ಹೇಳಿದರೆ ಅವರ ಆಕ್ಷೇಪಣೆಗೆ ಆಧಾರವೇ ಉಳಿಯದೆಂಬುದು ನನ್ನ ಲೆಕ್ಕಾಚಾರ.

ನನ್ನ ಹೆಂಡತಿ ಗಂಗಾಬಾಯಿ ಒಲೆ ಬಿಟ್ಟುಕೊಟ್ಟಳು. ಮರೆಪ್ಪ ಶೇಂಗಾ ಹುರಿದು, ಸಿಪ್ಪೆ ಕೇರಿ, ಎಣ್ಣೆ ಬಿಡುವತನಕ ನುಣ್ಣಗೆ ಅರೆದ. ಉಳ್ಳಾಗಡ್ಡಿ, ಟೊಮ್ಯಾಟೊ, ಕೆಂಪು ಮೆಣಸಿನಕಾಯಿ ಬೇಯುತ್ತಿದ್ದ ಪಾತ್ರೆಯಲ್ಲಿ ಅದನ್ನು ಕದಡಿ ಕುದಿಸಿದ. ನಮ್ಮವರಿಗಾಗಿ ಮಾಂಸದ ಬದಲು ಬೆಂಡೆಕಾಯಿ ಹಾಕಿದ. ಇನ್ನೊಂದು ಒಲೆಯಲ್ಲಿ ಜೋಳದ ಅಂಬಲಿಗೆ ಮತ್ತೆ ಹಿಟ್ಟು ಸುರಿದು ಕೋಲಿನಿಂದ ತಿರುವತೊಡಗಿದ. ಆ ಗಟ್ಟಿ ಮುದ್ದೆಗೆ ಗೋಲ್ಡ್ ಕೋಸ್ಟಿನವರು ಟುವೋ ಎನ್ನುತ್ತಾರೆ.

“ಕೈ ಬಿಡಬಾರದ್ರಿ ಅಕ್ಕಾರ. ಗಂಟು ಕಟ್ಟಿದ್ರ ನಮ್ಮ ಸಾರ್ಜೆಂಟ ಕೋಲು ಕಸಗೊಂಡು ನನ್ನೇ ತಿರುವ್ತಿದ್ದ!”

ಗಂಗಾಬಾಯಿ ನಕ್ಕಳು. ಹೊರಗೆ ಬಂದು ನನ್ನನ್ನು ಮೆಲ್ಲಗೆ ಕೇಳಿದಳು: “ಯಾರು ಮಾಡ್ಯಾರಂತ ಅವ್ರಿಗೆ ಹೇಳೀರಿಲ್ಲೋ?”

“ಉಂಡ ಮ್ಯಾಲ ಹೇಳ್ತೇನಿ.”

“ಮರೆಪ್ಪಗರೆ ಇದನ್ನ ಹೇಳೀರೇನು?”

ನಾನು ಅತಿಥಿಗಳಿಗೆ ಮಣೆ ಹಾಕಲು ನಡುಮನೆಗೆ ಹೋದೆ.

ಸಾವಕಾರರು ಮೊದಲ ತುತ್ತಿಗೇ ಮೆಚ್ಚಿದರು. “ಏನ್ರಿ ಮಾಸ್ತರ್ರ, ನಮ್ಮ ಜ್ವಾಳದ ಸಂಗಟಿಗೇ ಆಫ್ರಿಕಾದ ಟೊಪ್ಪಿಗಿ ಹಾಕೀರಲ್ಲ! ಇನ್ನೊಂದು ಸೌಟು ನೀಡ್ಸರಿ.”

ಊಟ ಮುಗಿಯುತ್ತಿದ್ದಂತೆ ನಾನು ಎದ್ದು ನಿಂತೆ. ಮರೆಪ್ಪನನ್ನು ಅಡುಗೆಮನೆಯಿಂದ ಕರೆದು, ಅವನ ತೋಳು ಹಿಡಿದು ಹೇಳಿದೆ: “ಈ ಊಟ ಇವನ ಕೈಯದು. ನೀವು ಉಂಡಾಗಿದೆ. ಇವನನ್ನು ನಿಲಯಕ್ಕೆ ನೇಮಿಸಲು ಇನ್ನೇನು ಆಕ್ಷೇಪಣೆ?”

ಸಾವಕಾರರು ಕೈ ತೊಳೆದುಕೊಂಡರು. ನನ್ನನ್ನು ದಾಟಿ ಮರೆಪ್ಪನ ಎದುರು ನಿಂತರು.

“ಮೋಸ ಮಾಡಿದೆಲ್ಲಲೇ. ನಾಳಿಂದ ಗಾಣದ ಕಡಿ ಮಾರಿ ತೋರ್ಸಬ್ಯಾಡ.”

ನನ್ನನ್ನು ಅವರು ಒಂದು ಮಾತೂ ಅನ್ನಲಿಲ್ಲ. ಎಲ್ಲರೂ ಹೊರಟುಹೋದರು.

“ಅವ್ರಿಗೆ ಗೊತ್ತದ ಅಂತ ತಿಳ್ಕೊಂಡಿದ್ದೆರಿ,” ಎಂದ ಮರೆಪ್ಪ.

“ಅವರಲ್ಲಿ ಉತ್ತರವೇ ಇರಲಿಲ್ಲ, ನೋಡಿದೆಯಾ?” ಎಂದೆ ನಾನು. ಇದಕ್ಕಿಂತ ನಾಚಿಕೆಗೇಡಿನ ಮಾತನ್ನು ನಾನು ಬದುಕಿನಲ್ಲಿ ಆಡಿಲ್ಲ.

“ಹೌದ್ರಿ, ಗೆದ್ದವ್ರು ನೀವು. ಕೂಲಿ ಹೋಗಿದ್ದು ನಂದು.”

ಸಮಿತಿ ಬೇರೊಬ್ಬನನ್ನು ನೇಮಿಸಿತು; ನನ್ನ ಹುದ್ದೆಗೆ ಏನೂ ಆಗಲಿಲ್ಲ. ನಾನು ಕ್ಷಮೆ ಕೇಳಲು ಕೇರಿಗೆ ಹೋಗುವಷ್ಟರಲ್ಲಿ ಮರೆಪ್ಪ ಸಂಸಾರ ಕಟ್ಟಿಕೊಂಡು ಸೊಲ್ಲಾಪುರದ ಗಿರಣಿಗಳತ್ತ ಹೊರಟುಹೋಗಿದ್ದ.

ಸುಧಾರಣೆಗೆ ಕೈಹಾಕುವವನು, ಪೆಟ್ಟು ಬಿದ್ದರೆ ಯಾರ ಮೇಲೆ ಬೀಳುವುದೆಂದು ನೋಡಿ, ಮೊದಲು ಅವರ ಒಪ್ಪಿಗೆ ಕೇಳಬೇಕು. ಆ ಉದ್ಯೋಗ ನನಗೆ ಕಲಿಸಿದ ಪಾಠವಿದು. ಅದರ ಬೆಲೆ ತೆತ್ತವನು ಮಾತ್ರ ನಾನಲ್ಲ.