ಜೀನ್ಸಿನ ಮೇಲೆ ಜೀನ್ಸು

ಹೊಸ ಜೀನ್ಸ್ ಬಟ್ಟೆಗೆ ಒಂದು ವಾಸನೆ ಇರುತ್ತೆ, ನೀವೂ ಮೂಸಿರ್ತೀರಿ. ಸ್ವಲ್ಪ ಗಂಜಿ, ಸ್ವಲ್ಪ ಬಣ್ಣದ ಹುಳಿ. ಮೊನ್ನೆ ಮಗಳು ಗಾಢ ನೀಲಿ ಪ್ಯಾಂಟು, ಮಾಸಿದಂಥ ತಿಳಿ ನೀಲಿ ಶರಟು, ಎರಡೂ ಜೀನ್ಸೇ, ಮಂಚದ ಮೇಲೆ ಹರವಿಕೊಂಡು ನಿಂತಿದ್ದಳು. ಗೆಳತಿಯರ ಜೊತೆ ಮಾಕಳಿದುರ್ಗ ಹತ್ತೋಕೆ ಹೊರಟಿದ್ದಳು.

"ಜೋಡಿ ಆಗ್ತಿಲ್ವಲ್ಲಮ್ಮ" ಅಂದೆ.

"ಜೋಡಿ ಆಗ್ಬಾರ್ದು ಕಣಪ್ಪ. ಮೇಲೆ ತಿಳಿ, ಕೆಳಗೆ ಗಾಢ, ಒಳಗೊಂದು ಬಿಳಿ ಟೀ ಶರ್ಟು. ನಿಂಗೆ ಮಗ್ಗ ಬಿಟ್ರೆ ಇನ್ನೇನೂ ಗೊತ್ತಿಲ್ಲ."

ಮಾತು ನಿಜ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ದೊಡ್ಡಬಳ್ಳಾಪುರದ ಪವರ್‌ಲೂಮ್ ಸದ್ದಿಗೆ ಕಿವಿ ಕೊಟ್ಟವನು ನಾನು. ಇವತ್ತಿರೋ ಮಗ್ಗಗಳು ನನ್ನ ರಟ್ಟೆಯಿಂದ ಬಂದವು, ಯಾರ ಮುಂದೆಯೂ ಕೈ ಚಾಚಿದ್ದಿಲ್ಲ. ನಮ್ಮ ಕಸುಬಿನಲ್ಲಿ ಸೀರೆಯದೊಂದು ನೀಲಿ, ರವಿಕೆ ಕಣದ್ದೊಂದು ನೀಲಿ ಆದರೆ ಮಾಲು ವಾಪಸ್ಸು. ಕಣ್ಣು ಹಾಗೇ ಪಳಗಿಬಿಟ್ಟಿದೆ.

ಅಣ್ಣನ ಕಣ್ಣೂ ಹಾಗೇ. ನೂಲಿಗೆ ಬಣ್ಣ ಹಾಕುತ್ತಿದ್ದವನು ಅವನು. ಉಗುರು ನೋಡಿದರೆ ಸಾಕು, ಅವತ್ತು ತೊಟ್ಟಿಯಲ್ಲಿ ಯಾವ ಬಣ್ಣ ಅಂತ ಹೇಳಬಹುದಿತ್ತು. ನನಗೆ ನಮ್ಮ ಪಕ್ಕದ ವಿಜಯಪುರದಲ್ಲಿ ಹೆಣ್ಣು ನೋಡೋದು ಗೊತ್ತಾದಾಗ ಬೆಂಗಳೂರಿಗೆ ಹೋಗಿ ಒಂದು ತಿಳಿ ನೀಲಿ ಜೀನ್ಸ್ ಶರಟು ತಂದಿದ್ದೆ, ಇದ್ದ ಗಾಢ ಪ್ಯಾಂಟಿನ ಮೇಲೆ ಹಾಕೋಕೆ. ಅಂಗಡಿಯ ಗೊಂಬೆಗೆ ಹಾಗೆ ಹಾಕಿದ್ದರು. ಯಾಕೆ ಚೆಂದ ಅಂತ ನನಗೇನು ಗೊತ್ತು. ಅಣ್ಣ ಶರಟಿನ ಒಳಮೈ ತಿರುಗಿಸಿ ನೋಡಿದ. ತಮ್ಮನಿಗೆ ಯಾರೋ ಮಾಸಿದ ಪೀಸು ತಳ್ಳಿದ್ದಾರೆ ಅಂದುಕೊಂಡ. ಮಾರನೇ ದಿನ ಶರಟು ತಂತಿ ಮೇಲೆ ಒಣಗುತ್ತಿತ್ತು, ಥೇಟ್ ಪ್ಯಾಂಟಿನದೇ ಬಣ್ಣ.

"ಎಲ್ಲಿ ಶರಟು ಮುಗೀತು, ಎಲ್ಲಿ ಪ್ಯಾಂಟು ಶುರುವಾಯ್ತು, ಯಾವನಾದ್ರೂ ಹೇಳ್ಲಿ ನೋಡೋಣ" ಅಂದ.

ಹಾಕಿಕೊಂಡೇ ಹೋದೆ. ಹೆಣ್ಣಿನ ಸೋದರತ್ತೆ, ಬಾಯಿ ಜೋರಿನ ಹೆಂಗಸು, ಉಪ್ಪಿಟ್ಟಿನ ತಟ್ಟೆ ಕೊಡುತ್ತಾ "ಏನಪ್ಪಾ, ಮಗ್ಗ ಅಂದಿದ್ರು. ನೋಡಿದ್ರೆ ಪೆಟ್ರೋಲ್ ಬಂಕಿಂದ ಯೂನಿಫಾರಮ್ಮಲ್ಲೇ ನೆಟ್ಟಗೆ ಎದ್ದು ಬಂದಂಗಿದೀಯ" ಅಂದರು. ಮನೆ ತುಂಬ ನಗು. ಬಾಗಿಲ ಹಿಂದೆ ಹೆಣ್ಣೂ ನಕ್ಕಿತು. ಆ ನಗು ಕೇಳಿದ ಖುಷಿಗೆ ನಾನೂ ನಕ್ಕುಬಿಟ್ಟೆ. ಅಣ್ಣ ತಲೆ ತಗ್ಗಿಸಿ ಉಪ್ಪಿಟ್ಟು ಕೆದಕುತ್ತಾ ಕೂತಿದ್ದ.

ಮದುವೆ ಆಯ್ತು. ಪೆಟ್ರೋಲ್ ಬಂಕಿನ ಮಾತು ಎರಡೂ ಮನೆಯ ನಾಮಕರಣ, ಗೃಹಪ್ರವೇಶಗಳಿಗೆಲ್ಲ ಒಗ್ಗರಣೆ ಆಯ್ತು. ಅಣ್ಣ ಮಾತ್ರ ಆಮೇಲೆ ಯಾರ ಬಟ್ಟೆ ಬಗ್ಗೆಯೂ ಬಾಯಿ ಬಿಡಲಿಲ್ಲ. ಸೀರೆ ಆರಿಸಿಕೊಡು ಅಂದರೆ "ನಂಗೇನ್ ತಿಳೀತದೆ" ಅಂತ ಎದ್ದು ಹೋಗುವನು. ದಿನವಿಡೀ ಬಣ್ಣದಲ್ಲಿ ಬಿದ್ದಿರೋನಿಗೆ ಬೇಜಾರು ಇರಬೇಕು ಅಂದುಕೊಂಡೆ.

ಮೊನ್ನೆ ಮಗಳು ಹೊರಡುವಾಗ ಅವನು ಜಗಲಿಯಲ್ಲಿದ್ದ. "ದೊಡ್ಡಪ್ಪ, ಹೆಂಗಿದೆ?" ಅಂತ ಎದುರು ನಿಂತಳು. ಎದ್ದು ಹೋಗ್ತಾನೆ ಅಂದುಕೊಂಡೆ. ಅವನು ಅವಳ ಶರಟಿನ ತೋಳನ್ನು ಒಳಮೈಯ ಬಿಳಿ ಕಾಣುವ ಹಾಗೆ ಒಂದು ಸುತ್ತು ಮಡಿಸಿದ.

"ಚೆನ್ನಾಗದೆ ಮಗ. ಎರಡೂ ಒಂದೇ ಬಣ್ಣ ಆಗಿದ್ರೆ ಕೆಡ್ತಿತ್ತು. ನಾನೊಂದ್ಸಲ ಕೆಡಿಸಿದ್ದೆ."

ಅವಳು ಹೋದಮೇಲೆ "ನೀನು ಕೆಡಿಸಿರ್ಲಿಲ್ಲ ಕಣಣ್ಣ, ಅಂಥ ಬಣ್ಣ ಇನ್ಯಾರಿಗೂ ಬರ್ತಿರ್ಲಿಲ್ಲ" ಅಂದೆ.

"ಅವತ್ತು ನೀನೂ ನಕ್ಕೆ ಕಣೋ" ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಹೆಣ್ಣಿನ ನಗು ಕೇಳಿ ನಕ್ಕಿದ್ದು ಅಂತ ಹೇಳಬಹುದಿತ್ತು. ಇಷ್ಟು ವರ್ಷ ಆದಮೇಲೆ ಯಾವ ಮುಖ ಇಟ್ಟುಕೊಂಡು ಹೇಳೋದು? ಅವನ ಪಕ್ಕದಲ್ಲಿ ಕೂತೆ. ಒಳಗೆ ಒಂದು ಮಗ್ಗ ನಿಂತಿತು, ನೂಲು ಹರಿದಿರಬೇಕು. ನಾನು ಏಳಲಿಲ್ಲ.